ನೋಡಲು ಚಂದವಿಲ್ಲದ ಜಾಗ

ಟೆಂಟು ಹಾಕಲು ಜಾಗ ಹುಡುಕುವವರಿಗೆ ನಾನು ಹೇಳುವುದು ಒಂದೇ ಮಾತು: ನೋಡಲು ಚಂದ ಇರುವಲ್ಲಿಗೆ ಹೋಗಬೇಡಿ. ಚಂದ ಇದ್ದರೆ ಫೋಟೋ ತೆಗೆಯುತ್ತಾರೆ, ಫೋಟೋ ತೆಗೆದರೆ ಜನ ಬರುತ್ತಾರೆ, ಜನ ಬಂದರೆ ಸ್ಪೀಕರು ಬರುತ್ತದೆ. ಮೊದಲ ಸಲ ನಾವು ಹೋದದ್ದು ಅಂಥದ್ದೇ ಒಂದು ಗುಡ್ಡದ ತುದಿಗೆ. ಸಾಲು ಸಾಲು ಟೆಂಟು, ಬಣ್ಣದ ಬಲ್ಬು, ಕಬಾಬಿನ ಹೊಗೆ. ಪಕ್ಕದ ಟೆಂಟಿನ ಹೆಂಗಸು ಬಗ್ಗಿ ನೋಡಿ, "ನೀವು ವಿದ್ಯಾನಗರದ ಆಫೀಸಿನಲ್ಲಿ ಇರುವವರಲ್ವಾ? ನಮ್ಮದೊಂದು ಫೈಲು ಉಂಟು" ಎಂದರು. ಬೆಳಕು ಹರಿಯುತ್ತಲೇ ಟೆಂಟು ಮಡಚಿ ಬಸ್ಸು ಹಿಡಿದೆವು.

ನಾವು ಎಂದರೆ ನಾನು ಮತ್ತು ನನ್ನ ಅತ್ತಿಗೆ, ಬಾಯಾರಿನಲ್ಲಿರುವ ನನ್ನ ಅಣ್ಣನ ಹೆಂಡತಿ. ನಾನು ವಿದ್ಯಾನಗರದಲ್ಲಿ ಗುಮಾಸ್ತೆ. ಆಫೀಸಿನಲ್ಲಿ ಕೌಂಟರಿನ ಆಚೆಯಿಂದ "ಮೇಡಂ". ಮನೆಗೆ ಬಂದರೆ ಮಗಳ "ಅಮ್ಮಾ", ಗಂಡನ "ಮಾರಾಯ್ತಿ, ನನ್ನ ಚಾರ್ಜರ್ ಎಲ್ಲುಂಟು?", ಒಳಕೋಣೆಯಿಂದ ಅತ್ತೆಯ "ಕೇಳ್ತಾ?" ಕಣ್ಣು ಬಿಟ್ಟಲ್ಲಿಂದ ಮುಚ್ಚುವವರೆಗೆ ಯಾರಾದರೊಬ್ಬರು ಕರೆಯುತ್ತಲೇ ಇರುತ್ತಾರೆ. ಯಾರೂ ಕೆಟ್ಟವರಲ್ಲ, ಕಷ್ಟ ಇರುವುದೇ ಅಲ್ಲಿ. ಕೆಟ್ಟವರಾಗಿದ್ದರೆ ಜಗಳ ಆಡಿಯಾದರೂ ಹೊರಗೆ ಬೀಳಬಹುದಿತ್ತು. ನನಗೆ ಬೇಕಾಗಿದ್ದದ್ದು ವರ್ಷಕ್ಕೆ ಒಂದೆರಡು ಸಲ, ಯಾರೂ ನನ್ನನ್ನು ಕರೆಯದ ಒಂದು ದಿನ. ಅತ್ತಿಗೆಗೂ ಅದೇ ಹಸಿವು. ಒಂದು ಮದುವೆಮನೆಯಲ್ಲಿ ಬಾಳೆ ಎಲೆ ಒರೆಸುತ್ತಾ ಕುಳಿತಿದ್ದಾಗ ಇಬ್ಬರ ಬಾಯಿಂದಲೂ ಅದು ಹೊರಗೆ ಬಂತು.

ಮನೆಯಲ್ಲಿ ಹೇಳುವುದು ಹೇಗೆ? "ಯಾರೂ ಇಲ್ಲದಲ್ಲಿ ಹೋಗಿ ಸುಮ್ಮನೆ ಕೂತುಕೊಳ್ಳುತ್ತೇನೆ" ಎಂದರೆ, "ಎಂತಾಯ್ತು ನಿಂಗೆ?" ಎಂದು ಡಾಕ್ಟರ ಹತ್ತಿರ ಕರೆದುಕೊಂಡು ಹೋದಾರು. ಹಾಗಾಗಿ ಸುಳ್ಳು. ನನಗೆ ಕಣ್ಣೂರಿನಲ್ಲಿ ಟ್ರೈನಿಂಗ್, ಅತ್ತಿಗೆಗೆ ತವರು ನೆಕ್ರಾಜೆಯಲ್ಲಿ ಪೂಜೆ. ರಜೆಯ ಎರಡನೇ ಶನಿವಾರವೇ ಟ್ರೈನಿಂಗ್ ಇಡುವ ಸರ್ಕಾರ ಎಲ್ಲಿಯದಪ್ಪಾ ಎಂದು ನಮ್ಮ ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಟೆಂಟು ಆಫೀಸಿನ ಕಪಾಟಿನಲ್ಲಿ, ಹಳೆಯ ಫೈಲುಗಳ ಹಿಂದೆ ಇರುತ್ತಿತ್ತು. ಒಮ್ಮೆ ಸಿಕ್ಕಿಬಿದ್ದರೆ ಅಲ್ಲಿಗೆ ಮುಗಿಯಿತು, ಇನ್ನು ಹೀಗೆ ಹೋಗುವುದೆಂಬುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಊಟದ ಬಿಡುವಿನಲ್ಲಿ ಉಪಗ್ರಹದ ನಕ್ಷೆ ತೆರೆದು ಇಂಚಿಂಚು ಹುಡುಕಿದೆ. ಹೊಳೆ ಬೇಡ, ಗುಡ್ಡದ ತುದಿ ಬೇಡ, ಹೆಸರಿರುವ ಯಾವ ಜಾಗವೂ ಬೇಡ. ಬಾಯಾರಿನಿಂದ ಆಚೆ, ಬೋಳು ಕಲ್ಲುಹಾಸಿನ ಪಾರೆಯ ನಡುವೆ ಒಂದು ಕೆಂಪು ಚೌಕ ಕಂಡಿತು. ಕೆಂಪುಕಲ್ಲು ಕಡಿದು ಬಿಟ್ಟುಹೋದ ಕೋರೆ. ಅತ್ತಿಗೆಗೆ ಫೋನು ಮಾಡಿದರೆ, "ಅಲ್ಲಿ ಎಂತ ಉಂಟು? ಬರೀ ಹೊಂಡ" ಎಂದರು. "ಅದಕ್ಕೇ ಅತ್ತಿಗೆ" ಎಂದೆ ನಾನು.

ಜನವರಿಯ ಶನಿವಾರ ಹೋದೆವು. ಎರಡಾಳಿಗಿಂತ ಹೆಚ್ಚು ಆಳದ ಹೊಂಡ. ನಾಲ್ಕೂ ಬದಿಯ ಗೋಡೆಯನ್ನು ಮೆಷಿನು ನೆಟ್ಟಗೆ ಕೊಯ್ದಿತ್ತು. ಜನ ಕೋಳಿಯಂಗಡಿಯ ಕಸ ತಂದು ಸುರಿಯುತ್ತಾರೆಂದು ಜಾಗದವರು ಲಾರಿ ಇಳಿಯುವ ದಾರಿಗೆ ಎತ್ತರಕ್ಕೆ ಕಲ್ಲು ಕಟ್ಟಿಸಿದ್ದರು. ಕೆಳಗಿನ ತೋಟದ ಅಂಚಿನಲ್ಲಿ ಕಾಳುಮೆಣಸು ಕೊಯ್ಯುವ ಒಂಟಿ ಬಿದಿರಿನ ಏಣಿ ಒರಗಿಸಿಟ್ಟಿತ್ತು. ಭಾನುವಾರ ಯಾರು ಮೆಣಸು ಕೊಯ್ಯುತ್ತಾರೆ, ನಾಳೆ ಸಂಜೆ ತಂದಿಟ್ಟರಾಯಿತು ಎಂದು ಕೇಳದೆ, ಹೇಳದೆ, ಇಬ್ಬರೂ ಹೊತ್ತು ತಂದು, ಹೊಂಡಕ್ಕೆ ಇಳಿಬಿಟ್ಟು ಕೆಳಗಿಳಿದೆವು. ಕಲ್ಲಿನ ನೆಲಕ್ಕೆ ಗೂಟ ಇಳಿಯುವುದಿಲ್ಲವಲ್ಲ, ಟೆಂಟಿನ ಹಗ್ಗಗಳನ್ನು ಒಡೆದ ಕಲ್ಲುಗಳಿಗೆ ಕಟ್ಟಿ, ಮೇಲಿನಿಂದ ಸುಲಭಕ್ಕೆ ಕಾಣದ ಮೂಲೆಯಲ್ಲಿ ನಿಲ್ಲಿಸಿದೆವು. ಆ ಆಳದಲ್ಲಿ ಫೋನಿಗೆ ರೇಂಜಿನ ಒಂದು ಗೆರೆಯೂ ಇರಲಿಲ್ಲ. ಅತ್ತಿಗೆ ಬಂಡೆಯ ಮೇಲೆ ಕಾಲು ಚಾಚಿ, "ಆಹಾ! ನಾನು ಸತ್ತರೂ ಯಾರಿಗೂ ಗೊತ್ತಾಗ್ಲಿಕ್ಕಿಲ್ಲ" ಎಂದು ಖುಷಿಯಿಂದ ಹೇಳಿದರು.

ಬೆಳಗ್ಗೆ ಎಚ್ಚರವಾದದ್ದು ಬಿದಿರು ಕಲ್ಲಿಗೆ ಉಜ್ಜುವ ಸದ್ದಿಗೆ. ಟೆಂಟಿನ ಬಾಗಿಲು ಸರಿಸುವಷ್ಟರಲ್ಲಿ ಏಣಿಯ ಬುಡ ಮೇಲಕ್ಕೆ ಏರುತ್ತಿತ್ತು. "ಯಾವ ಪೋಕ್ರಿಗಳು ತಂದು ಹಾಕಿದ್ದು ಇಲ್ಲಿ!" ಎಂದು ಒಬ್ಬರು ಮೇಲೆ ಗೊಣಗುತ್ತಿದ್ದರು. ಸ್ವರ ಕೇಳಿದೊಡನೆ ನಮ್ಮಿಬ್ಬರಿಗೂ ಗುರುತು ಸಿಕ್ಕಿತು. ಅಣ್ಣನ ಜೊತೆ ಒಂದೇ ಜೀಪಿನಲ್ಲಿ ಅಡಿಕೆ ಕೊಂಡುಹೋಗುವವರು, ವಾರಕ್ಕೆರಡು ಸಲ ನನ್ನ ತವರಿನ ಜಗಲಿಯಲ್ಲಿ ಚಾ ಕುಡಿಯುವವರು. ಒಂದು ಕೂಗು ಹಾಕಿದ್ದರೆ ಸಾಕಿತ್ತು. ನಾನು ಬಾಯಿ ತೆರೆದೆ. ಅತ್ತಿಗೆ ನನ್ನ ಕೈ ಗಟ್ಟಿಯಾಗಿ ಹಿಡಿದರು. ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿದೆ. ಅವರ ಹೆಜ್ಜೆಯ ಸದ್ದು ದೂರವಾಗುವವರೆಗೂ ಇಬ್ಬರೂ ಟೆಂಟಿನೊಳಗೆ ಬಗ್ಗಿ ಕುಳಿತಿದ್ದೆವು.

"ಕೂಗಿದ್ರೆ ಮುಗೀತಿತ್ತು" ಎಂದರು ಅತ್ತಿಗೆ.

"ಕೂಗದಿದ್ರೂ ಮುಗಿಯುತ್ತದೆ ಅತ್ತಿಗೆ" ಎಂದೆ.

ಮೊದಲು ನಕ್ಕೆವು. ಹೊಂಡದ ಗೋಡೆಯನ್ನು ಸುತ್ತು ಹಾಕಿ ಕಾಲಿಡಲು ಸಂದು ಹುಡುಕಿದೆವು, ಒಂದೂ ಇಲ್ಲ. ಒಡೆದ ಕಲ್ಲುಗಳನ್ನು ಸೊಂಟದೆತ್ತರಕ್ಕೆ ಪೇರಿಸಿದೆವು, ಅದಕ್ಕಿಂತ ಮೇಲೆ ನಿಲ್ಲಲೊಲ್ಲವು. ಹನ್ನೊಂದು ಗಂಟೆಗೆ ಬಿಸಿಲು ಒಳಗಿಳಿಯಿತು. ನಾಲ್ಕು ಗೋಡೆಯೂ ಕಾದು, ನಾವು ಕಾವಲಿಯ ಮೇಲಿನ ದೋಸೆಯಂತಾದೆವು. ಬಾಟಲಿಯಲ್ಲಿ ಉಳಿದದ್ದು ನಾಲ್ಕು ಗುಟುಕು ನೀರು. ತೋಟದ ಕಡೆಯಿಂದ ಮೆಣಸು ಕೊಯ್ಯುವವರ ಮಾತು ಕೇಳುತ್ತಿತ್ತು. ಅಷ್ಟು ಹತ್ತಿರ! ಒಂದು ಕೂಗಿಗೆ ತೆರೆಯುವ ಬಾಗಿಲು, ಆದರೆ ಅದರ ಆಚೆ ನಿಂತಿದ್ದದ್ದು ಇಡೀ ಊರು. ನನಗೆ ಸಿಟ್ಟು ಬಂತು, ಯಾರ ಮೇಲೆಂದು ಗೊತ್ತಾಗಲಿಲ್ಲ. ಒಂದು ಕಲ್ಲೆತ್ತಿ ಗೋಡೆಗೆ ಎಸೆದೆ. ಅದು ತಿರುಗಿ ನನ್ನ ಕಾಲಿನ ಹತ್ತಿರವೇ ಬಿತ್ತು.

ಅತ್ತಿಗೆ ನನ್ನ ಹೆಗಲು ಹತ್ತಿ ನೋಡಿದ್ದು ಎರಡು ಗಂಟೆಯ ಸುಮಾರಿಗೆ. ಪೇರಿಸಿದ ಕಲ್ಲಿನ ಮೇಲೆ ನಾನು, ನನ್ನ ಮೇಲೆ ಅವರು. ಕೈ ಅಂಚಿಗೆ ಒಂದು ಮೊಳ ದೂರ. "ಇನ್ನು ಸ್ವಲ್ಪ, ಇನ್ನು ಸ್ವಲ್ಪ" ಎನ್ನುತ್ತಿದ್ದ ಹಾಗೆ ಕೆಳಗಿನ ಕಲ್ಲು ಜಾರಿತು. ಇಬ್ಬರೂ ದೊಪ್ಪನೆ ಬಿದ್ದೆವು. ಅವರ ಹಿಮ್ಮಡಿ ನೋಡುತ್ತಿದ್ದಂತೆ ಊದಿಕೊಂಡಿತು. ನೋವಿಗೆ ಮುಖ ಬೆಳ್ಳಗಾದರೂ ಅವರು ಅಳುತ್ತಾ ಹೇಳಿದ್ದು ಇಷ್ಟೇ: "ಕೂಗ್ಬೇಡ ಮಾರಾಯ್ತಿ. ಇನ್ನೊಂದು ಗಂಟೆ ನೋಡುವ."

ನಾನು ಕೂಗಿದೆ. ಗಂಟಲು ಹರಿಯುವ ಹಾಗೆ ಕೂಗಿದೆ. ಬೇರೆ ಎಂತ ಮಾಡಲಿ?

ಏಣಿಯವರು ಅಂಚಿನಿಂದ ಬಗ್ಗಿ ನೋಡಿ, "ಅಯ್ಯೋ ದೇವರೇ! ನೀವಾ? ನೀವು ಎಂತ ಮಾಡ್ಲಿಕ್ಕೆ ಇಲ್ಲಿ?" ಎಂದರು. ನಾನು ಅತ್ತಿಗೆಯ ಕಾಲು ತೋರಿಸಿದೆ. ಅವರು ಅಣ್ಣನಿಗೆ ಫೋನು ಮಾಡಿದರು, ಅಣ್ಣ ನನ್ನ ಗಂಡನಿಗೆ ಮಾಡಿದ. ಎರಡು ತಾಸಿನೊಳಗೆ ಹೊಂಡದ ಸುತ್ತ ನಮ್ಮವರೇ ತುಂಬಿದರು. ಅತ್ತಿಗೆಯನ್ನು ಏಣಿಗೆ ಕಟ್ಟಿ ಮೇಲೆಳೆದರು. ಕೊನೆಗೆ ನಾನು ಹತ್ತಿ, ತಲೆ ತಗ್ಗಿಸಿ ಗಂಡನ ಎದುರು ನಿಂತೆ. ಬೈಗುಳ ಬರಲಿ ಎಂದು ಕಾದೆ, ಬರಬೇಕೆಂದು ಆಸೆಯೂ ಇತ್ತು. ಅವರು ಬೈದರೆ ನಾನೂ ಬೈಯಬಹುದು, ಇಷ್ಟು ವರ್ಷದ್ದೆಲ್ಲ ಒಮ್ಮೆ ಹೊರಗೆ ಹಾಕಬಹುದು.

ಅವರು ನನ್ನ ಕೂದಲಿನ ಕೆಂಪು ಧೂಳು ಕೊಡವಿದರು. "ನಂಗೆ ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ? ನಾನೇ ಕರ್ಕೊಂಡು ಬರ್ತಿದ್ದೆ" ಎಂದರು. ಆಮೇಲೆ ಹೊಂಡದ ಒಳಗೆ ಇಣುಕಿ, ನಾಲ್ಕೂ ಗೋಡೆ ನೋಡಿ, "ಒಳ್ಳೆ ಜಾಗ ಮಾರಾಯ್ತಿ!" ಎಂದರು.

ಹೊಂಡದೊಳಗೆ ಆ ಇಡೀ ಹಗಲು ಆಗದಷ್ಟು ಹೆದರಿಕೆ ನನಗೆ ಆಗ ಆಯಿತು.

ಅತ್ತಿಗೆಯ ಕಾಲು ವಾಸಿಯಾದ ಮೇಲಿನ ಭಾನುವಾರ ಎಲ್ಲರೂ ಹೊರಟರು. ಜಾಗದವರ ಹತ್ತಿರ ಗಂಡ ಮಾತಾಡಿಯಾಗಿತ್ತು. ಹೊಸ ಅಲ್ಯೂಮಿನಿಯಂ ಏಣಿ ಬಂತು, ಗ್ಯಾಸಿನ ಒಲೆ ಬಂತು, ಪ್ಲಾಸ್ಟಿಕ್ ಕುರ್ಚಿ ಬಂತು. ಅಣ್ಣ ಸ್ಪೀಕರು ತಂದ. ಅತ್ತೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ನನ್ನ ಗಂಡ ಕೆಳಗಿನಿಂದ ಕೈ ಹಿಡಿದುಕೊಳ್ಳುತ್ತಿದ್ದಂತೆ ಒಂದೊಂದೇ ಮೆಟ್ಟಿಲು ಇಳಿದು, "ಅಬ್ಬ, ಎಷ್ಟು ತಂಪುಂಟು!" ಎಂದು ಬೆಳಗ್ಗಿನ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡರು. ಮಗಳು ಫೋಟೋ ತೆಗೆದಳು. "ಇನ್ನು ತಿಂಗಳಿಗೊಮ್ಮೆ ಬರುವ. ನಿಂಗೆ ಇಷ್ಟ ಅಲ್ವಾ?" ಎಂದು ಗಂಡ ನನ್ನ ಕಡೆ ನೋಡಿ ನಕ್ಕರು. ಆ ನಗುವಿನಲ್ಲಿ ಒಂದು ಚೂರೂ ಕುಹಕ ಇರಲಿಲ್ಲ. ನಾನು ಹೂಂ ಎಂದೆ. ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚಿದ್ದು ನಾನು, ತಟ್ಟೆ ಹಂಚಿದ್ದು ಅತ್ತಿಗೆ, ಆಮೇಲೆ ಆ ತಟ್ಟೆಗಳನ್ನು ತೊಳೆದದ್ದು ನಾವಿಬ್ಬರೂ.

ಗಂಡನಿಗೆ ಕಟ್ಟಿಗೆಯ ಒಲೆಯಲ್ಲಿ ಕಾಸಿದ ಚಾ ಬೇಕಾಯಿತು. "ಗೇರುಮರದ ಅಡಿಯಲ್ಲಿ ಒಣ ಕಡ್ಡಿ ಉಂಟು, ನಾವು ತರ್ತೇವೆ" ಎಂದು ಅತ್ತಿಗೆ ಎದ್ದರು. ನಾನು ಹಿಂದೆಯೇ ಏಣಿ ಹತ್ತಿದೆ. ಮೇಲೆ ಪಾರೆಯ ತುಂಬ ಒಣಹುಲ್ಲು, ಗಾಳಿ, ಒಬ್ಬ ಮನುಷ್ಯ ಇಲ್ಲ. ಬಗ್ಗಿ ನೋಡಿದರೆ ಎಲ್ಲರೂ ಕೆಳಗಿದ್ದರು. ಅತ್ತಿಗೆ ನನ್ನ ಮುಖ ನೋಡಿದರು. ಅವರು ಏಣಿಯ ಒಂದು ಕಾಲು ಹಿಡಿದರು, ನಾನು ಇನ್ನೊಂದು. ಬಿದಿರಿನದಕ್ಕಿಂತ ಎಷ್ಟೋ ಹಗುರ, ಎರಡೇ ಎಳೆತಕ್ಕೆ ಮೇಲೆ ಬಂತು.

ಅದನ್ನು ಗೇರುಮರದ ಬುಡಕ್ಕೆ ಅಡ್ಡ ಹಾಕಿ ಇಬ್ಬರೂ ಅದರ ಮೇಲೆ ಕುಳಿತೆವು. ಕೆಳಗಿನಿಂದ ಮೊದಲು ನಗು ಬಂತು. "ಎಂತ ತಮಾಷೆ ಮಾರಾಯ್ತಿ!" ಎಂದರು ಗಂಡ. ಸ್ವಲ್ಪ ಹೊತ್ತಿಗೆ ಮಗಳ "ಅಮ್ಮಾ" ಬಂತು. ಸ್ಪೀಕರು ನಿಂತಿತು. ಆಮೇಲೆ, ಎಂದಿಗಿಂತ ಸಣ್ಣ ಸ್ವರದಲ್ಲಿ, ಅತ್ತೆಯ "ಕೇಳ್ತಾ?"

ಎಲ್ಲವೂ ಕೇಳುತ್ತಿತ್ತು. ನಾನು ಓ ಎನ್ನಲಿಲ್ಲ.