ಜ್ವರ ಬಾರದ ಹುಡುಗಿಯ ಅಪ್ಪ

ನನ್ನ ಮಗಳು ವಂದನಾ ಕಾಯಿಲೆ ಅಂತ ಶಾಲೆಗೆ ರಜೆ ಹಾಕಿದ್ದು ನನಗೆ ನೆನಪಿಲ್ಲ. ಕಾರ್ಗಲ್ ಹತ್ತಿರದ ನಮ್ಮೂರಲ್ಲಿ ಮಳೆಗಾಲ ಶುರುವಾದರೆ ಮನೆಮನೆಯಲ್ಲೂ ಮಕ್ಕಳು ಕೆಮ್ಮುತ್ತವೆ. ಒಂದಕ್ಕೆ ಬೇದಿ ಹತ್ತಿದರೆ ಸಾಲಾಗಿ ಎಲ್ಲಕ್ಕೂ ಹತ್ತುತ್ತದೆ. ಇವಳಿಗೆ ಬಂದರೆ ಎರಡು ದಿನ ಮೂಗು ಸೋರಬೇಕು, ಅಷ್ಟೇ.

ಪಕ್ಕದ ಮನೆಯ ಪುಷ್ಪಮ್ಮನ ಮೊಮ್ಮಗ ಯಾವಾಗಲೂ ಕಾಯಿಲೆ ಬಿದ್ದು ಮಲಗುವವನು. ಅವರು ನನ್ನನ್ನು ಕೇಳುತ್ತಿದ್ದರು.

"ಎಂತ ಕೊಡ್ತೀಯೇ ಹೇಮಾ ಮಗಳಿಗೆ? ಗುಟ್ಟು ಮಾಡಬೇಡ, ನಮಗೂ ಹೇಳು ಮಾರಾಯ್ತಿ."

"ಎಂತ ಇಲ್ಲ ಪುಷ್ಪಕ್ಕ. ಗಂಜಿ, ಸಾರು. ನೀವು ಕೊಡೋದೇ."

"ಹಂಗಾದ್ರೆ ಅದು ನಿನ್ನ ರಕ್ತ ಬಿಡು. ಅಪ್ಪನ ಹಾಗೆ ಹುಟ್ಟಿದ್ರೆ ಆಗ್ತಿತ್ತು ಕಥೆ."

ನಾನು ನಗುತ್ತಿದ್ದೆ. ಅಲ್ಲ ಅನ್ನುತ್ತಿರಲಿಲ್ಲ. ನನಗೂ ಹಾಗೇ ಅನಿಸಿತ್ತು. ನಾನು ಕಾಯಿಲೆ ಬಿದ್ದವಳಲ್ಲ. ಹೆತ್ತ ವಾರಕ್ಕೆ ಸೌದೆ ಹೊತ್ತವಳು. ಮಗಳು ನನ್ನ ಹಾಗೆ ಅಂತ ಒಳಗೊಳಗೇ ಬೀಗುತ್ತಿದ್ದೆ. ಇವರು, ವಂದನಾಳ ಅಪ್ಪ, ಅಲ್ಲೇ ಜಗಲಿಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದರು. ಅವರೂ ಅಲ್ಲ ಅನ್ನಲಿಲ್ಲ.

ಇವರ ಹೆಸರು ಜಟ್ಟಿಂಗಪ್ಪ. ತೀರ್ಥಹಳ್ಳಿ ಕಡೆ ಮೇಳಿಗೆಯವರು. ಹುಟ್ಟಿದಾಗಿಂದ ಗೂರಲು, ಉಬ್ಬಸ. ಅವರೇ ಹೇಳುತ್ತಿದ್ದರು, ಶಾಲೆಯಲ್ಲಿ ಕೂತದ್ದಕ್ಕಿಂತ ಮನೆಯಲ್ಲಿ ಮಲಗಿದ್ದೇ ಹೆಚ್ಚು ಅಂತ. ಬೇರೆ ಹುಡುಗರು ಹೊಳೆಯಲ್ಲಿ ಈಜುವಾಗ ಇವರು ಕಂಬಳಿ ಹೊದ್ದು ದಡದಲ್ಲಿ ಕೂತು ಅವರ ಬಟ್ಟೆ ಕಾಯುತ್ತಿದ್ದರಂತೆ. ಪಾಠ ಹಿಂದೆ ಬಿತ್ತು, ಶಾಲೆ ಬಿಟ್ಟರು. ತೀರ್ಥಹಳ್ಳಿಯಿಂದ ಹೊಸನಗರದ ಮೇಲೆ ಸಾಗರಕ್ಕೆ ಬರುವ ಪ್ರೈವೇಟ್ ಬಸ್ಸಿನಲ್ಲಿ ಕ್ಲೀನರ್ ಆದರು. ಧೂಳಿಗೆ ಗೂರಲು ಇನ್ನೂ ಹೆಚ್ಚಾಯಿತು.

ನನ್ನನ್ನು ನೋಡಲು ಬಂದ ದಿನ ನನ್ನ ಅಪ್ಪ ಅಡುಗೆಮನೆಗೆ ಬಂದು ಮೆಲ್ಲಗೆ ಹೇಳಿದರು, "ಹೆಸರು ಮಾತ್ರ ಜಟ್ಟಿ. ಜೋರು ಗಾಳಿ ಬಂದ್ರೆ ಹಿಡ್ಕಳಕ್ಕೆ ಒಂದು ಆಳು ಬೇಕು. ಎಂತ ಮಾಡ್ತಿ ನೋಡು."

ಕುಡಿಯುವುದಿಲ್ಲ ಅಂತ ಒಪ್ಪಿದೆ. ನಮ್ಮೂರಿಗೇ ಬಂದರು. ಪಂಚಾಯ್ತಿಯಲ್ಲಿ ನೀರು ಬಿಡುವ ಕೆಲಸ ಸಿಕ್ಕಿತು. ಬೆಳಿಗ್ಗೆ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿ, ವಾಲ್ವ್ ತಿರುಗಿಸಿ, ಕೇರಿ ಕೇರಿಗೆ ನೀರು ಬಿಡಬೇಕು. ಹಿಂದಿದ್ದವನು ಪೌಡರ್ ಹಾಕಿದರೆ ಹಾಕಿದ, ಬಿಟ್ಟರೆ ಬಿಟ್ಟ. ಇವರು ಒಂದು ದಿನ ತಪ್ಪಿಸಲಿಲ್ಲ. ಊರವರಿಗೆ ವಾಸನೆ ಸಿಟ್ಟು ತರಿಸಿತು.

"ಏ ಜಟ್ಟಿಂಗಪ್ಪ, ನಿನ್ನ ನೀರಲ್ಲಿ ಸಾರು ಮಾಡಿದ್ರೆ ಆಸ್ಪತ್ರೆ ನೆಲ ನೆಕ್ಕಿದ ಹಾಗಾಗ್ತದೆ" ಅಂದರು ಪುಷ್ಪಮ್ಮ.

"ನೆಕ್ಕಿ ಪುಷ್ಪಕ್ಕ, ಬೇದಿ ಅಂತೂ ಆಗಲ್ಲ" ಅಂದರು ಇವರು.

ವಂದನಾ ಹುಟ್ಟಿದ ಮೇಲೆ ಇವರ ಕಾಟ ಹೆಚ್ಚಾಯಿತು. ಕಾಟ ಅಂತಲೇ ನಾನು ಅನ್ನುತ್ತಿದ್ದೆ. ಕೈ ತೊಳೆಯದೆ ಯಾರೂ ಮಗು ಎತ್ತುವ ಹಾಗಿಲ್ಲ. ನನ್ನ ಅಪ್ಪನನ್ನೂ ಬಿಡಲಿಲ್ಲ. ಬಚ್ಚಲ ಕಡೆ ಇಟ್ಟ ಸೋಪನ್ನು ಕಾಗೆ ಹೊತ್ತುಕೊಂಡು ಹೋಗುತ್ತಿತ್ತು. ಹಳೇ ಕಾಲುಚೀಲದಲ್ಲಿ ಸೋಪು ತುಂಬಿ ನಲ್ಲಿಗೆ ಕಟ್ಟಿದರು. ಬಂದ ನೆಂಟರು ಆ ಕಾಲುಚೀಲ ಕಂಡು ಮುಖ ಮುಖ ನೋಡುತ್ತಿದ್ದರು. ಚುಚ್ಚುಮದ್ದಿನ ದಿನ ಮಗುವನ್ನು ತಾವೇ ಎತ್ತಿಕೊಂಡು ಹೋಗುತ್ತಿದ್ದರು. ಅವತ್ತು ಊರಿಗೆ ನೀರು ತಡ. ಕುಡಿಯುವ ನೀರು ಕುದಿಯಲೇಬೇಕು. ಬ್ಲೀಚಿಂಗ್ ಹಾಕಿದ ಮೇಲೂ ಯಾಕೆ ಅಂದರೆ, "ಟ್ಯಾಂಕ್ ನನ್ನ ಕೈಲಿದೆ, ಪೈಪ್ ಇಲ್ಲ" ಅನ್ನುತ್ತಿದ್ದರು.

ಅವರು ಮಾಡಿದ್ದೆಲ್ಲ ಸರಿ ಅಂತಲ್ಲ. ಸಂಜೆ ಮೊಸರು ಕೊಡಬಾರದು, ಬಾಳೆಹಣ್ಣು ಕೊಡಬಾರದು, ಕಿವಿಗೆ ಹತ್ತಿ ಇಡಬೇಕು. ತಾಯತವನ್ನೂ ಕಟ್ಟಿಸಿದ್ದರು. ಎಲ್ಲವನ್ನೂ ಒಟ್ಟಿಗೆ ಮಾಡಿದರು. ಯಾವುದು ಕೆಲಸ ಮಾಡಿತೋ ನನಗೆ ಗೊತ್ತಿಲ್ಲ. ಕೆಲವು ಮಕ್ಕಳು ಹುಟ್ಟಾ ಗಟ್ಟಿ ಇರುತ್ತವೆ ಅಂತ ಚುಚ್ಚುಮದ್ದು ಹಾಕುವ ನರ್ಸ್ ಒಮ್ಮೆ ಹೇಳಿದರು. ಇರಬಹುದು. ಆದರೆ ಅವಳನ್ನು ದಿನಾ ನೋಡುತ್ತಿದ್ದವರು ಇವರು. ಹೆಸರು ಬಂದದ್ದು ನನಗೆ.

ಚಳಿಗಾಲ ಮುಗಿಯುವ ಹೊತ್ತಿಗೆ ನಮ್ಮಲ್ಲಿ ಕಾಡಿಗೆ ಹೋಗಿ ದರಗು ತರುತ್ತಾರೆ. ದರಗು ಅಂದರೆ ಉದುರಿ ಒಣಗಿದ ಎಲೆ. ಗುಡಿಸಿ, ಹೊರೆ ಕಟ್ಟಿ ತಂದು ಕೊಟ್ಟಿಗೆಗೆ ಹಾಸುತ್ತೇವೆ. ಹಸು ಬೆಚ್ಚಗೆ ಮಲಗುತ್ತದೆ, ಆಮೇಲೆ ಗೊಬ್ಬರವೂ ಆಗುತ್ತದೆ. ಆದರೆ ಉಣುಗು, ಅಂದರೆ ರಕ್ತ ಹೀರುವ ಉಣ್ಣೆ, ಮೈಗೆ ಹತ್ತುವುದೂ ಅದೇ ಕಾಲದಲ್ಲಿ. ಎಳ್ಳಿನಷ್ಟೂ ಇರದ ಮರಿ ಉಣುಗು ದರಗಿನಲ್ಲೇ ಇರುತ್ತದೆ. ಮಂಗನನ್ನೂ ಮನುಷ್ಯನನ್ನೂ ಕೊಲ್ಲುವ ಮಂಗನ ಕಾಯಿಲೆ ಬರುವುದು ಅದರ ಕಡಿತದಿಂದ. ಕಾಡಲ್ಲಿ ಮಂಗ ಸತ್ತು ಬಿದ್ದರೆ ಆರೋಗ್ಯ ಇಲಾಖೆಯವರು ಊರಿಗೆ ಬಂದು ಮೈಗೆ ಹಚ್ಚುವ ಎಣ್ಣೆ ಕೊಡುತ್ತಾರೆ.

ಆ ಕಾಲ ಬಂತೆಂದರೆ ಇವರು ದಿನಾ ಸಂಜೆ ಬೆಳಕಿರುವಾಗಲೇ ಅಂಗಳದಲ್ಲಿ ಬಿಳಿ ಪಂಚೆ ಹಾಸುತ್ತಿದ್ದರು. ಬಿಳಿಯ ಮೇಲೆ ಬಿದ್ದರೆ ಉಣುಗು ಕಾಣುತ್ತದೆ ಅಂತ. ಅದರ ಮೇಲೆ ವಂದನಾ ನಿಲ್ಲಬೇಕು. ಕಿವಿ ಹಿಂದೆ, ಕುತ್ತಿಗೆ, ಕಂಕುಳು, ಮಂಡಿ ಹಿಂದೆ, ಚಡ್ಡಿಯ ಎಲಾಸ್ಟಿಕ್ ಒತ್ತುವ ಜಾಗ, ಎಲ್ಲ ನೋಡುತ್ತಿದ್ದರು. ಆಮೇಲೆ ನನ್ನ ಸರದಿ. ನನ್ನ ಬೆನ್ನ ಮೇಲೆ ಒಂದು ಮಚ್ಚೆ ಇದೆ. ಪ್ರತಿ ಸಲ ಅದನ್ನು ಉಗುರಲ್ಲಿ ಕೆರೆದು ನೋಡಿ, "ಓ, ಇದು ನಿಂದೇ" ಅನ್ನುತ್ತಿದ್ದರು.

ಹೋದ ವರ್ಷ ಊರ ಹಿಂದಿನ ಕಾಡಲ್ಲಿ ಮಂಗ ಸತ್ತಿತ್ತು.

"ಈ ಸಲ ದರಗು ಬೇಡ ಹೇಮಾ. ಹುಲ್ಲು ಹಾಕಿದ್ರಾಯ್ತು" ಅಂದರು.

"ಹುಲ್ಲು ತಿನ್ನಕ್ಕೇ ಸಾಲಲ್ಲ, ಮಲಗಿಸ್ತೀರಾ ಅದರ ಮೇಲೆ? ನಿಮಗೆ ಹೆದರಿಕೆ ಆದ್ರೆ ಮನೇಲಿರಿ. ನಾನು ಹೋಗ್ತೀನಿ."

"ನೀನು ಬೇಡ. ನಾನೇ ತರ್ತೀನಿ."

ಎಣ್ಣೆ ಹಚ್ಚಿಕೊಂಡು ಹೋದರು. ಹೊರೆ ಹೊತ್ತು ಬಂದಾಗ ಮೈಯೆಲ್ಲ ಬೆವರು. ಎಣ್ಣೆ ಎಲ್ಲಿ ಉಳಿದಿರುತ್ತದೆ? ಕೊಟ್ಟಿಗೆಗೆ ದರಗು ಹಾಸಿ, ಕೈ ತೊಳೆದು, ಪಂಚೆ ಹಾಸಿ ವಂದನಾಳನ್ನು ನೋಡಿದರು. ಕಾಡಿಗೆ ಹೋಗದ ನನ್ನನ್ನೂ ನೋಡಿದರು. ಆಮೇಲೆ ಅಂಗಿ ಬಿಚ್ಚಿ ನನಗೆ ಬೆನ್ನು ಮಾಡಿ ನಿಂತರು.

"ಏ, ನನ್ನ ಬೆನ್ನು ಒಂಚೂರು ನೋಡೇ."

ಪುಷ್ಪಮ್ಮ ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಾ ಕೂತಿದ್ದರು. ನಾನು ಅವರನ್ನು ನಗಿಸಲು ಹೇಳಿದೆ, "ನಾವೇನು ಮಂಗಗಳಾ, ಒಬ್ಬರ ಬೆನ್ನು ಒಬ್ಬರು ಹೆಕ್ಕಕ್ಕೆ?"

ಪುಷ್ಪಮ್ಮನಿಗೆ ನಕ್ಕು ನಕ್ಕು ಎಲೆ ಅಡಿಕೆ ನೆತ್ತಿಗೇರಿತು. ವಂದನಾಳೂ ನಕ್ಕಳು. ಇವರೂ ನಕ್ಕರು. ಜಗಲಿ ಕಂಬಕ್ಕೆ ಬೆನ್ನು ಕೊಟ್ಟು ಎಮ್ಮೆಯ ಹಾಗೆ ಎರಡು ಸಲ ಉಜ್ಜಿ, ಅಂಗಿ ಹಾಕಿಕೊಂಡರು. ಮತ್ತೆ ಕೇಳಲಿಲ್ಲ. ನಾನೂ ನೋಡಲಿಲ್ಲ.

ವಾರದ ಮೇಲೆ ಜ್ವರ ಬಂತು. ತಲೆ ಸಿಡಿಯುತ್ತದೆ ಅಂದರು. ನಾನು, ಇವರದ್ದು ಯಾವಾಗಿನದೇ ಅಂದುಕೊಂಡೆ. ವರ್ಷವಿಡೀ ಏನಾದರೊಂದು ಇದ್ದ ಮನುಷ್ಯ. ಕಷಾಯ ಕಾಸಿಕೊಟ್ಟೆ. ಅವರು ಮಗಳನ್ನು ಹತ್ತಿರ ಬಿಡಬೇಡ, ನನ್ನ ಲೋಟ ಬೇರೆ ಇಡು ಅಂದರು. ಈ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಹಾಗೆ ಬರುವುದಿಲ್ಲವಂತೆ. ಆಗ ನಮಗೆ ಗೊತ್ತಿರಲಿಲ್ಲ. ಅದರಿಂದಾಗಿ ವಂದನಾ ಅಪ್ಪನನ್ನು ಬಾಗಿಲಲ್ಲೇ ನಿಂತು ನೋಡಿದಳು.

ಕಣ್ಣು ಕೆಂಪಾದ ಮೇಲೆ ಸಾಗರದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ನರ್ಸ್ ಅವರನ್ನು ಮಗ್ಗುಲು ತಿರುಗಿಸಿದಾಗ ಬೆನ್ನು ಕಂಡಿತು. ಹೆಗಲ ಹಿಂದಿನ ಎರಡು ರೆಕ್ಕೆ ಮೂಳೆಗಳ ನಡುವೆ, ಅವರ ಕೈ ಎಟಕದ ಜಾಗದಲ್ಲಿ, ಒಂದು ಕಪ್ಪು ಹಕ್ಕಳೆ.

"ಉಣುಗು ಕಚ್ಚಿದ್ದು. ಮನೇಲಿ ಯಾರೂ ನೋಡಿಲ್ವಾ?" ಅಂದರು ನರ್ಸ್.

ಇವರೇ ಕಣ್ಣು ಮುಚ್ಚಿಕೊಂಡೇ ಹೇಳಿದರು, "ನಾನೇ ಹೇಳಿರಲಿಲ್ಲ ಸಿಸ್ಟರ್."

ಸಾಗರದಿಂದ ಮಣಿಪಾಲಕ್ಕೆ ಹೋದೆವು. ಬರುವಾಗ ಆಂಬುಲೆನ್ಸಿನಲ್ಲಿ ನಾನೊಬ್ಬಳೇ ಡ್ರೈವರ್ ಪಕ್ಕ ಕೂತು ಬಂದೆ. ಅವರು ಹಿಂದೆ, ಬಿಳಿ ಬಟ್ಟೆಯೊಳಗೆ ಇದ್ದರು.

ಯಾವ ಉಣುಗು, ಯಾವ ದಿನ ಕಚ್ಚಿದ್ದು ಅಂತ ಯಾರೂ ಹೇಳಕ್ಕಾಗಲ್ಲಮ್ಮ ಅಂದರು ಡಾಕ್ಟರು. ಅವತ್ತೇ ನೋಡಿ ಕಿತ್ತಿದ್ದರೂ ಬರಬಹುದಿತ್ತಂತೆ. ಒಳ್ಳೆಯ ಮನುಷ್ಯರು, ನನ್ನ ಮುಖ ನೋಡಿ ಹೇಳಿದರು. ನನಗೆ ಮಾತ್ರ ಆ ಸಂಜೆಯೇ ಕಾಣುತ್ತದೆ.

ಸೂತಕದ ಮನೆಗೆ ಬಂದವರು, ಮಗು ಗಟ್ಟಿ ಇದೆಯಲ್ಲ, ಅದೇ ಪುಣ್ಯ, ನಿನ್ನ ರಕ್ತ ಅಂದರು. ಆ ಮಾತು ಕೇಳಿ ನಾನು ಎದ್ದು ಕೊಟ್ಟಿಗೆಗೆ ಹೋಗಿ ನಿಂತೆ. ಅವರು ಹಾಸಿದ ದರಗು ಇನ್ನೂ ಅಲ್ಲೇ ಇತ್ತು.

ಈ ವರ್ಷ ದರಗು ತರಲಿಲ್ಲ. ಹಸು ಮಾರಲೂ ಆಗಲಿಲ್ಲ, ನಾವು ಬದುಕುವುದು ಅದರ ಹಾಲಿನಿಂದ. ಅದು ಮೇಯಲು ಕಾಡಿಗೆ ಹೋಗಿ ಉಣುಗು ಹೊತ್ತು ತರುತ್ತದೆ. ವಂದನಾ ಶಾಲೆಯಿಂದ ಬಂದವಳೇ ಅದರ ಕೊರಳು ತಬ್ಬುತ್ತಾಳೆ. ಹೋದ ವಾರ ಟ್ಯಾಂಕಿನ ಹಿಂದೆ ಮತ್ತೆ ಮಂಗ ಸತ್ತು ಬಿತ್ತು. ಆಶಾ ಕಾರ್ಯಕರ್ತೆ ಎಣ್ಣೆ ಕೊಟ್ಟು, ಮಕ್ಕಳ ಮೈ ದಿನಾ ನೋಡಿ ಅಂದು ಹೋದರು.

ಅವತ್ತು ಸಂಜೆ ನಾನು ಪಂಚೆ ಹಾಸಿದೆ. "ಬಾರೇ ವಂದೂ."

"ಬೇಡ. ನಾನೇ ನೋಡ್ಕಳ್ತೀನಿ."

"ಬೆನ್ನು ಕಾಣತ್ತಾ ನಿಂಗೆ?"

ಅವಳು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ಮಾರನೇ ದಿನವೂ ಹಾಗೇ. ಬೈದೆ. ಒಂದು ಸಲ ರಟ್ಟೆ ಹಿಡಿದು ಎಳೆದೆ. ಕೈ ಕಚ್ಚಿ ಬಿಡಿಸಿಕೊಂಡಳು. ಅಪ್ಪ ಅಷ್ಟು ಕಾದ ಮೈ ಅದು. ಒಂದು ಉಣುಗು ನನ್ನ ಕಣ್ಣು ತಪ್ಪಿಸಿದರೆ ಮುಗಿಯಿತು. ಹಾಗಂತ ಮತ್ತೆ ಬಲವಂತ ಮಾಡಲು ಮನಸ್ಸು ಬರಲಿಲ್ಲ. ಅಪ್ಪನ ಬೆನ್ನು ನೋಡದವಳು ನನ್ನ ಬೆನ್ನು ಯಾಕೆ ನೋಡಬೇಕು ಅಂತ ಅವಳಿಗೆ ಇದೆ, ಇರುವುದು ನ್ಯಾಯವೇ ಅಂದುಕೊಂಡೆ.

ನಿನ್ನೆ ಸಂಜೆ ಅವಳನ್ನು ಕರೆಯಲಿಲ್ಲ. ಪಂಚೆ ಹಾಸಿ ನಾನೇ ಅದರ ಮೇಲೆ ಕೂತೆ. ಸೆರಗು ಇಳಿಸಿ, ರವಿಕೆ ಸಡಿಲಿಸಿ, ಬಾಗಿಲ ಕಡೆ ಬೆನ್ನು ಮಾಡಿದೆ. ಅವರು ಹೋದ ಮೇಲೆ ನನ್ನ ಬೆನ್ನನ್ನು ಯಾರೂ ನೋಡಿರಲಿಲ್ಲ. ನೋಡಿಸಿಕೊಳ್ಳುವ ಯೋಗ್ಯತೆ ನನಗಿಲ್ಲ ಅಂತ ನಾನೂ ಬಿಟ್ಟಿದ್ದೆ.

"ವಂದೂ, ನನ್ನ ಬೆನ್ನು ಒಂಚೂರು ನೋಡೇ."

ಅವರು ಅಂದ ಮಾತೇ ಬಾಯಿಗೆ ಬಂತು. ಬೇಕಂತ ಅಂದದ್ದಲ್ಲ.

ಆಮೇಲೆ ನಲ್ಲಿಯ ಹತ್ತಿರ ನೀರಿನ ಸದ್ದು. ಕಾಲುಚೀಲದ ಸೋಪಿನಲ್ಲಿ ಕೈ ತೊಳೆದು ಬಂದಳು. ಬೆರಳು ತಣ್ಣಗಿತ್ತು. ಕುತ್ತಿಗೆಯಿಂದ ಶುರು ಮಾಡಿ ಅಪ್ಪನ ಹಾಗೇ ಕೆಳಗೆ ಬಂದಳು. ಮಚ್ಚೆಯ ಹತ್ತಿರ ನಿಂತು ಉಗುರಲ್ಲಿ ಕೆರೆದಳು.

"ಇದೆಂತ ಅಮ್ಮಾ?"

"ಮಚ್ಚೆ. ನಿನ್ನಪ್ಪಂಗೆ ಗೊತ್ತಿತ್ತು."

ಅವಳ ಕೈ ಅಲ್ಲೇ ನಿಂತಿತು.

"ಅವತ್ತು ನಾನೂ ನಕ್ಕೆ ಅಮ್ಮಾ."

ಇಷ್ಟು ದಿನ ಅವಳ ಸಿಟ್ಟು ನನ್ನ ಮೇಲೆ ಅಂದುಕೊಂಡಿದ್ದೆ. ಸಣ್ಣ ಮಗು, ನನ್ನ ತಪ್ಪನ್ನು ಅರ್ಧ ಹೊತ್ತುಕೊಂಡು ಶಾಲೆಗೆ ಹೋಗಿ ಬರುತ್ತಿತ್ತು. ನನಗೆ ತಿರುಗಿ ಅವಳ ಮುಖ ನೋಡಲು ಆಗಲಿಲ್ಲ.

"ನೀನು ನಕ್ಕಿದ್ದಲ್ಲ. ನಾನು ನಗಿಸಿದ್ದು. ಅದು ನಂದು, ನೀನು ಇಟ್ಕಬೇಡ."

"ಅಪ್ಪಂಗೆ ಬೇಜಾರಾಗಿತ್ತಾ?"

ಇಲ್ಲ ಅಂದುಬಿಡಬಹುದಿತ್ತು. "ಗೊತ್ತಿಲ್ಲ ಮಗಾ. ನಾನು ಕೇಳಲಿಲ್ಲ" ಅಂದೆ.

ಅವಳು ನನ್ನ ರವಿಕೆ ಮೇಲೆಳೆದು ಸರಿ ಮಾಡಿದಳು. ಮುಂದೆ ಬಂದು ಪಂಚೆಯ ಮೇಲೆ ನಿಂತು, ಫ್ರಾಕಿನ ಹುಕ್ಕು ಬಿಚ್ಚಲು ನನಗೆ ಬೆನ್ನು ಕೊಟ್ಟಳು. ಬೇಲಿಯ ಆಚೆ ಪುಷ್ಪಮ್ಮ ಬಟ್ಟೆ ತೆಗೆಯುತ್ತಿದ್ದರು. ನಮ್ಮನ್ನು ಕಂಡರು. ಉಳಿದ ಬಟ್ಟೆ ಬಿಟ್ಟು ಒಳಗೆ ಹೋದರು.

ಮಗಳ ಬೆನ್ನು ಅವರ ಬೆನ್ನಿನ ಹಾಗೇ ಇದೆ. ಕಿರಿದು, ಮೂಳೆ ಕಾಣುವಂಥದ್ದು. ನನ್ನ ಹಾಗೆ ಅಲ್ಲವೇ ಅಲ್ಲ. ಕತ್ತಲಾಗುವ ಮೊದಲು ಪೂರ್ತಿ ನೋಡಿದೆ. ಏನೂ ಇರಲಿಲ್ಲ. ರೆಕ್ಕೆ ಮೂಳೆಗಳ ನಡುವಿನ ಜಾಗವನ್ನು ಇನ್ನೊಂದು ಸಲ ನೋಡಿದೆ.