ಟಣ್ಣಕ್ಕನ ಬಲಗಿವಿ

ಹೆಂಚಿನ ಕಾರ್ಖಾನೆಯಲ್ಲಿ ಎಲ್ಲರೂ ಆಕೆಯನ್ನು ಕರೆಯುತ್ತಿದ್ದದ್ದು ಟಣ್ಣಕ್ಕ ಎಂದೇ. ಸುಟ್ಟು ಬಂದ ಹೆಂಚನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಗಿಡ್ಡ ಕಬ್ಬಿಣದ ಸರಳಿನಿಂದ ಒಂದೇ ಏಟು. ಟಣ್ ಎಂದರೆ ಸೀಮೆಸುಣ್ಣದ ಗೀಟು ಎಳೆದು ಲಾರಿಗೆ. ಟಪ್ ಎಂದರೆ ಒಳಗೆ ಬಿರುಕಿದೆ, ಪಕ್ಕಕ್ಕೆ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಬಿರುಕಿಗೆ ಕೆಮ್ಮಣ್ಣು ಮೆತ್ತಿ ದಾಟಿಸಲು ನೋಡಿದವರ ಗ್ರಹಚಾರ ಬಿಡಿಸುತ್ತಿದ್ದಳು. "ಯಾರ ಕಣ್ಣಿಗೆ ಮಣ್ಣೆರಚ್ತೀರಪ್ಪಾ? ನಾಳೆ ಸೋರೋದು ಯಾರ ತಲೆ ಮೇಲೆ?"

ಅಂಥವಳ ಗೀಟು ಹೊತ್ತ ಹೆಂಚುಗಳೇ ಒಂದೇ ವಾರದಲ್ಲಿ ನಲವತ್ತು ವಾಪಸು ಬಂದವು. ಆಕೆಗೆ ಮೊದಲು ಅನುಮಾನ ಹುಟ್ಟಿದ್ದು ಹೊಸ ಮೇಸ್ತ್ರಿಯ ಮೇಲೆ. ತನ್ನ ಜಾಗಕ್ಕೆ ಅವನ ನಾದಿನಿಯನ್ನು ತಂದು ಕೂರಿಸಲು ಅವನೇ ಗೀಟು ಎಳೆದಿರಬೇಕು. ಆಮೇಲೆ ಮಗಳ ಮೇಲೆ. ಇವಳೇಕೆ ಈಚೆಗೆ ಬರೀ ಗುಸುಗುಸು ಮಾತಾಡುತ್ತಾಳೆ? ಬಲಗಿವಿಗೆ ಹತ್ತಿ ತುರುಕಿದಂತಾಗಿ ಹತ್ತು ದಿನವಾಗಿತ್ತು. ಅದನ್ನು ಮಾತ್ರ ಯಾರ ಹತ್ತಿರವೂ ಬಾಯಿಬಿಡಲಿಲ್ಲ. ಕಿವಿ ಹೋಯಿತೆಂದರೆ ಕೆಲಸವೂ ಹೋಯಿತು ಎಂಬ ಹೆದರಿಕೆ.

ಮಗಳು ಸುಮ್ಮನಿರುವ ಪೈಕಿಯಲ್ಲ. ಬಲಗಡೆಯಿಂದ ಮೂರು ಸಲ ಕೂಗಿ ನೋಡಿ, ಕಿವಿ ಡಾಕ್ಟರ ಬಳಿಗೆ ಎಳೆದುಕೊಂಡೇ ಹೋದಳು. ಅಲ್ಲಿ ಗೋಡೆಯ ಮೇಲೆ ತೂಗುತ್ತಿತ್ತು ಹೆಂಚಿನ ಕಾರ್ಖಾನೆಯ ಕ್ಯಾಲೆಂಡರು. ಟಣ್ಣಕ್ಕ ಅದನ್ನೇ ದಿಟ್ಟಿಸಿದಳು. ಓಹೋ, ಇವರೂ ಮಾಲೀಕರೂ ಒಂದೇ ಕಡೆಯವರು.

ಡಾಕ್ಟರು ಬ್ಯಾಟರಿ ಬಿಟ್ಟು ಕಿವಿಯೊಳಗೆ ನೋಡಿದರು. "ಒಳಗೆಲ್ಲ ಚೆನ್ನಾಗೇ ಇದೆಯಮ್ಮ. ಕಾರಣ ಈಗಲೇ ಹೇಳೋಕಾಗಲ್ಲ."

"ಹೇಳೋಕಾಗಲ್ವೋ, ಹೇಳೋಕೆ ಮನಸ್ಸಿಲ್ವೋ?"

ಡಾಕ್ಟರು ನಕ್ಕು, ಗಾಜಿನ ಕಿಟಕಿಯ ಪುಟ್ಟ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟರು. ಶಬ್ದ ಕೇಳಿಸಿದಾಗಲೆಲ್ಲ ಒತ್ತಬೇಕು. ಎಡಗಿವಿಯದು ಮುಗಿಯುವುದರೊಳಗೆ ಟಣ್ಣಕ್ಕ ಒಂದು ವಿಷಯ ಪತ್ತೆ ಹಚ್ಚಿದ್ದಳು: ಕಿಟಕಿಯಾಚೆ ಡಾಕ್ಟರು ಶಬ್ದ ಬಿಟ್ಟಾಗಲೆಲ್ಲ ಅವರ ಭುಜ ಒಂಚೂರು ಮೇಲೇಳುತ್ತಿತ್ತು. ಬಲಗಿವಿಯ ಸರದಿ ಬಂದಾಗ ಏನೂ ಕೇಳಿಸಲಿಲ್ಲ. ಭುಜ ಎದ್ದಾಗಲೆಲ್ಲ ಒತ್ತಿದಳು.

"ಎರಡೂ ಕಿವಿ ಸರಿಯಾಗೇ ಇದೆಯಲ್ಲಮ್ಮ," ಎಂದರು ಡಾಕ್ಟರು, ಕಾಗದವನ್ನು ಹಿಂದೆ ಮುಂದೆ ತಿರುಗಿಸಿ. "ಔಷಧಿ ಕೊಡೋವಂಥದ್ದು ಏನೂ ಕಾಣ್ತಿಲ್ಲ."

ಹೊರಗೆ ಮೆಟ್ಟಿಲ ಮೇಲೆ ಮಗಳು ಗೊಣಗಿದಳು. "ಎಂಥಾ ಡಾಕ್ಟ್ರು ಇವರು, ಅಮ್ಮಾ? ಸರಿಯಾಗಿದ್ರೆ ಕೇಳಿಸ್ತಿಲ್ಲ ಯಾಕೆ?"

ಟಣ್ಣಕ್ಕ ಬೀಗುತ್ತಾ ಭುಜದ ಗುಟ್ಟು ಹೇಳಿದಳು. ಮಗಳು ನಗಲಿಲ್ಲ.

"ತಡ ಮಾಡಿದ್ರೆ ಕಿವಿ ವಾಪಸ್ ಬರೋದು ಕಷ್ಟ ಅಂತ ಒಳಗೆ ದೊಡ್ಡದಾಗಿ ಬರೆದು ಹಾಕಿದಾರೆ. ನೀನು ನೋಡಿದ್ರೆ ಕೆಮ್ಮಣ್ಣು ಮೆತ್ತಿ ಬಂದಿದೀಯ."

ಟಣ್ಣಕ್ಕನಿಗೆ ಕಪಾಳಕ್ಕೆ ಹೊಡೆದಂತಾಯಿತು. ನಾಚಿಕೆಯಾಗಿತ್ತು. ಮತ್ತೆ ಒಳಗೆ ಹೋದಳು.

"ಡಾಕ್ಟ್ರೇ, ನಾನು ನಿಮ್ಮ ಭುಜ ನೋಡ್ಕೊಂಡು ಒತ್ತಿದ್ದು. ಇನ್ನೊಂದು ಸಲ ಮಾಡಿ. ಆದ್ರೆ ಆ ಕಾಗದ ಕಾರ್ಖಾನೆಗೆ ಹೋಗಬಾರದು."

"ನಿಮ್ಮ ಕಾಗದ ನಿಮ್ಮ ಕೈಗೇ ಕೊಡ್ತೀನಿ."

"ಮತ್ತೆ ಆ ಕ್ಯಾಲೆಂಡರು?"

"ಮನೆಗೆ ಹೆಂಚು ತಗೊಂಡಾಗ ಕೊಟ್ಟಿದ್ದಮ್ಮ."

ಆಕೆಗೆ ಪೂರ್ತಿ ನಂಬಿಕೆ ಬರಲಿಲ್ಲ. ಆದರೂ ಕುರ್ಚಿಯನ್ನು ತಾನೇ ಗೋಡೆಯ ಕಡೆಗೆ ತಿರುಗಿಸಿ, ಕಣ್ಣು ಮುಚ್ಚಿ ಕೂತಳು. ಎಡಗಿವಿಯಲ್ಲಿ ಶಬ್ದ ಬಂತು, ಒತ್ತಿದಳು. ಮತ್ತೆ ಬಂತು, ಮತ್ತೆ ಒತ್ತಿದಳು. ಆಮೇಲೆ ನಿಂತುಹೋಯಿತು. ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟುಕೊಂಡು ಕಾದಳು. ಕಾದೇ ಕಾದಳು. ಈ ಡಾಕ್ಟರು ತನ್ನನ್ನು ಇಲ್ಲಿ ಕೂರಿಸಿ ಟೀ ಕುಡಿಯಲು ಹೋದರೇನೋ ಎಂದುಕೊಂಡಳು.

ಯಾರೋ ಹೆಡ್‌ಫೋನ್ ತೆಗೆದರು. ಕಣ್ಣು ಬಿಟ್ಟರೆ ಡಾಕ್ಟರು ಪಕ್ಕದಲ್ಲೇ ನಿಂತಿದ್ದರು.

"ಬಲಗಿವಿಗೆ ಯಾವಾಗ ಶುರು ಮಾಡ್ತೀರಿ?" ಎಂದು ಕೇಳಿದಳು.

"ಅದೂ ಮುಗೀತಮ್ಮ," ಎಂದರು ಡಾಕ್ಟರು.