ದಾರಿ ತಪ್ಪಿದ ಅಮ್ಮನ ಬದನೆ

ಹಾಂ, ಅದನ್ನೇ ಹೇಳ್ತಿದ್ದೆ. ಟೈಲರ್ ಮಾವ ಮಷಿನ್ ಮೂಲೆಗಿಟ್ಟ ಮೇಲೂ ಟೈಲರ್ರೇ. ಹಿತ್ತಲಿಗೆ ಇಳಿದರೂ ಕೊರಳಲ್ಲಿ ಟೇಪು. ಬೀನ್ಸ್ ಸಾಲಿಗೆ ಒಂಬತ್ತು ಇಂಚು, ಚೆಂಡುಹೂವಿಗೆ ಹನ್ನೆರಡು. ದಾಳಿಂಬೆ ಮರಕ್ಕಂತೂ ವರ್ಷಕ್ಕೊಮ್ಮೆ ಟೇಪು ಸುತ್ತಿ, ಸೊಂಟ ದಪ್ಪ ಆಗ್ತಿದೆ ಅಂತ ರೇಗಿಸುತ್ತಾರೆ.

ಇಂಥವರೇ ಎಡವಿದ್ದು ನೋಡಿ. ಹೋದ ವರ್ಷ ಅವರಕ್ಕ ಒಂದು ಪೊಟ್ಟಣ ತಂದುಕೊಟ್ಟರು. ಒಳಗೆ ಅವರಮ್ಮ ಬೆಳೆಯುತ್ತಿದ್ದ ಬಿಳಿ ಬದನೆಯ ಏಳು ಬೀಜ. ಅಕ್ಕನ ಗಿಡಗಳೆಲ್ಲ ಹುಳ ಬಿದ್ದು ಸತ್ತಿದ್ದವು, ಉಳಿದಿದ್ದು ಅಷ್ಟೇ. ಮಾವ ಅವನ್ನು ಡಬ್ಬಗಳಲ್ಲಿ ಊರಿ, ಪಕ್ಕದ ಡಬ್ಬಗಳಲ್ಲಿ ಅಂಗಡಿಯ ನೇರಳೆ ಬದನೆ ಹಾಕಿದರು. ಗುರುತಿಗೆ ಅಮ್ಮನ ಡಬ್ಬಗಳ ಮೇಲೆ ‘ಅ’ ಅಂತ ಬರೆದರು. ಯಾವುದರಲ್ಲಿ? ಬಟ್ಟೆಗೆ ಗೆರೆ ಹಾಕುವ ಸೀಮೆಸುಣ್ಣದಲ್ಲಿ! ತೊಳೆದರೆ ಹೋಗೋದೇ ಅದರ ಗುಣ ಅನ್ನೋದು ನಲವತ್ತು ವರ್ಷ ಹೊಲಿದ ತಲೆಗೆ ಹೊಳೆಯಲೇ ಇಲ್ಲ. ನಾಲ್ಕು ದಿನ ನೀರು ಹಾಕುವಷ್ಟರಲ್ಲಿ ‘ಅ’ ಮಾಯ.

ಎರಡೂ ಕಡೆ ಮೊಳೆತದ್ದು ನಾಲ್ಕು ನಾಲ್ಕೇ. ಮಾವ ಅಂದಾಜಿನ ಮೇಲೆ ಬಲಗಡೆಯವನ್ನು ಉಳಿಸಿಕೊಂಡು, ಎಡಗಡೆಯ ನಾಲ್ಕು ಸಸಿಗಳನ್ನು ಬೀದಿಯವರಿಗೆ ಹಂಚಿದರು. ಕಾಯಿ ಬಿಟ್ಟಾಗ ನೋಡಿದರೆ ಹಿತ್ತಲಲ್ಲಿದ್ದದ್ದೆಲ್ಲ ನೇರಳೆ. ಅಕ್ಕ ಬಂದು ನೋಡಿ, ತಣ್ಣಗೆ ಅಂದರು:

“ಒಬ್ಬರ ಬಟ್ಟೆ ಇನ್ನೊಬ್ಬರಿಗೆ ಕೊಟ್ಟೋನಲ್ಲ ನೀನು. ಈಗ ಅಮ್ಮನ್ನೇ ಕೊಟ್ಟುಬಿಟ್ಯಲ್ಲೋ.”

ಮಾವ ಚಪ್ಪಲಿ ಮೆಟ್ಟಿ ಹೊರಟರು. ಮೊದಲ ಮನೆಯಲ್ಲಿ ಗಿಡ ಒಣಗಿತ್ತು. ಎರಡನೆಯದರಲ್ಲಿ ಕೋಳಿ ಕೆದಕಿ ಹಾಕಿತ್ತು. ಮೂರನೆಯ ಮನೆಯವರು, ಗಿಡ ಕಿತ್ತು ಆ ಕುಂಡಕ್ಕೆ ಗುಲಾಬಿ ಹಾಕಿದ್ವಿ ಅಂತ ನಾಚಿಕೊಂಡರು. ಕೊನೆಗೆ ಮೂಲೆಮನೆ ನರ್ಸಮ್ಮ. ಅವರ ಮೆಟ್ಟಿಲ ಪಕ್ಕ ಸೊರಗಿದ ಗಿಡದಲ್ಲಿ ಒಂದೇ ಒಂದು ಬಿಳಿ ಕಾಯಿ. ನರ್ಸಮ್ಮ ಚಾಕು ಹಿಡಿದು ಬಗ್ಗಿದ್ದರು.

“ಅದನ್ನ ಬಿಡಮ್ಮ,” ಅಂದರು ಮಾವ. “ನಮ್ಮಮ್ಮನ ಗಿಡ. ಲೋಕದಲ್ಲಿ ಇದೊಂದೇ ಉಳಿದಿರೋದು.”

“ಮೊದಲನೇದು ಬೆಣ್ಣೆ ಇದ್ದಂಗಿತ್ತು ಮಾವ. ಬಾಯಲ್ಲಿ ನೀರು ಬರಿಸಿಕೊಂಡು ಹೆಂಗೆ ಬಿಡ್ಲಿ?” ಅಂತ ಗೊಣಗಿದರೂ ನರ್ಸಮ್ಮ ಚಾಕು ಒಳಗಿಟ್ಟು ಬಂದರು. ಕಾಯಿ ಹಳದಿಯಾಗಿ ಬಲಿಯುವವರೆಗೆ, ಡ್ಯೂಟಿಗೆ ಹೋಗುವಾಗ ಬರುವಾಗ ರೋಗಿಯನ್ನು ನೋಡಿದ ಹಾಗೆ ನೋಡಿಕೊಂಡರು.

ಬೀಜ ತೆಗೆದು ಒಣಗಿಸಿದ್ದು ಅಕ್ಕನೇ. ಎಲ್ಲವನ್ನೂ ಮತ್ತೆ ಪೊಟ್ಟಣ ಕಟ್ಟಿ ಒಯ್ಯುತ್ತಾರೆ ಅಂದುಕೊಂಡಿದ್ದರು ಮಾವ. ಅಕ್ಕ ಮೊದಲ ಹಿಡಿಯನ್ನು ನರ್ಸಮ್ಮನ ಕೈಗೆ ಹಾಕಿ, ಉಳಿದದ್ದನ್ನು ಬೀದಿಗೆಲ್ಲ ಹಂಚು ಅಂದರು. ಒಂದೇ ಮನೆಯಲ್ಲಿ ಇಟ್ಟಿದ್ದೇ ತಪ್ಪು ಅಂತ ಅವರ ಲೆಕ್ಕ.

ಈಗ ಆ ಬೀದಿಯ ಪ್ರತಿ ಮನೆ ಮುಂದೆಯೂ ಬಿಳಿ ಬದನೆ. ನೀವೂ ಒಂದು ಸಂಜೆ ಹೋಗಿ, ಮಾವ ನೀರು ಹಾಕುತ್ತಿರುತ್ತಾರೆ. ಸಸಿ ಬೇಕು ಅಂತ ಕೇಳಿ. ಅವರಮ್ಮನ ಕಥೆ ಪೂರ್ತಿ ಕೇಳಿಸಿಕೊಳ್ಳದೆ ಮಾತ್ರ ಎದ್ದು ಬರಬೇಡಿ.